ಚಿಕ್ಕಮ್ಮನ ಇನ್ನೊಂದು ಉಂಡೆ

"ಕೈ ಇಳಿಸಬೇಡ್ವೇ! ಈಗ ತಾನೇ ಹೇಳ್ದೆ," ಎಂದಳು ಅಜ್ಜಿ.

ಉಂಡೆ ಎರಡು ಕೈಗಳನ್ನೂ ಮತ್ತೆ ಮೇಲಕ್ಕೆತ್ತಿದಳು. ಅಂಗೈಗಳ ನಡುವೆ ನೀಲಿ ಉಣ್ಣೆಯ ಲಡಿ ತೂಗುತ್ತಿತ್ತು. ಅಜ್ಜಿ ಎದುರಿಗೆ ಸ್ಟೂಲಿನ ಮೇಲೆ ಕುಳಿತು, ಲಡಿಯಿಂದ ನೂಲು ಎಳೆದೆಳೆದು ಚೆಂಡಿನ ಹಾಗೆ ಸುತ್ತುತ್ತಿದ್ದಳು. ನೂಲು ಬಲಗಡೆಯಿಂದ ಬಿಚ್ಚಿಕೊಂಡಾಗ ಬಲಗೈ ಬಾಗಿಸಬೇಕು, ಎಡಗಡೆಯಿಂದ ಬಿಚ್ಚಿಕೊಂಡಾಗ ಎಡಗೈ. ಮೂಗು ತುರಿಸಿದರೂ ತುರಿಸಿಕೊಳ್ಳುವಂತಿಲ್ಲ.

ಅಜ್ಜಿಯ ಉಪಾಯವೇ ಅದು. ಮನೆಯಲ್ಲಿ ಯಾರಿಗಾದರೂ ಏನಾದರೂ ಹೇಳಬೇಕೆನ್ನಿಸಿದರೆ, ಮೊದಲು ಅವರ ಕೈಗೆ ಒಂದು ಲಡಿ ಸಿಕ್ಕಿಸುತ್ತಾಳೆ. ಆಮೇಲೆ ಅವರು ಎದ್ದು ಓಡಲಾರರು.

"ಯಾರಿಗೆ ಇದು?" ಎಂದಳು ಉಂಡೆ, ಗೊತ್ತಿದ್ದರೂ.

"ನಿನ್ನ ಚಿಕ್ಕಮ್ಮನಿಗೆ. ಕಾಲುಚೀಲ. ಆ ಊರಿನ ಚಳಿಗೆ ಅವಳ ಕಾಲು ಕಲ್ಲಾಗಿದ್ಯಂತೆ."

ಉಂಡೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

"ಅವಳ ಕಾಗದಕ್ಕೆ ಉತ್ತರ ಬರೆದ್ಯಾ?"

"ಹೋಮ್‌ವರ್ಕ್ ಇತ್ತು."

"ಮಳೆಗಾಲ ಮುಗಿದಾಗ ಬಂದ ಕಾಗದ. ಅವತ್ತಿಂದ ಇವತ್ತಿನ ತನಕಾನೂ ಹೋಮ್‌ವರ್ಕೇ? ನಿಮ್ಮ ಟೀಚರ್ ಮನುಷ್ಯರೋ, ರಾಕ್ಷಸರೋ?"

"ಅವಳಿಗೆ ಅಲ್ಲಿ ಇನ್ನೊಂದು ಉಂಡೆ ಇದೆಯಲ್ಲ, ಅದೇ ಬರೆಯತ್ತೆ ಬಿಡು!" ಎಂದು ಉಂಡೆ ಸರ್ರನೆ ಕೈ ಎಳೆದುಕೊಂಡಳು. ಲಡಿ ಜಾರಿ ನೆಲಕ್ಕೆ ಬಿತ್ತು. ನೂಲು ಸಿಕ್ಕುಸಿಕ್ಕಾಯಿತು.

ಅಜ್ಜಿ ಬೈಯಲಿಲ್ಲ. ಕನ್ನಡಕ ಸರಿಮಾಡಿಕೊಂಡು ನೆಲದ ಮೇಲಿನ ಸಿಕ್ಕನ್ನು ಬಿಡಿಸತೊಡಗಿದಳು. ಅದು ಬೈಗುಳಕ್ಕಿಂತ ಕಷ್ಟ.

ಉಂಡೆ ಎನ್ನುವುದು ಅವಳ ಶಾಲೆಯ ಹೆಸರಲ್ಲ. ಅದನ್ನು ಇಟ್ಟವಳು ಚಿಕ್ಕಮ್ಮ. ಪುಟ್ಟವಳಾಗಿದ್ದಾಗ ಅವಳು ಮಂಡಿ ಗಲ್ಲಕ್ಕೆ ತಾಗುವಷ್ಟು ಸುರುಳಿ ಸುತ್ತಿಕೊಂಡು ಮಲಗುತ್ತಿದ್ದಳು. "ಅಮ್ಮಾ, ನಿನ್ನ ನೂಲಿನುಂಡೆ ಒಂದು ಹಾಸಿಗೆ ಮೇಲೆ ಬಿದ್ದಿದೆ ನೋಡು," ಎಂದು ಚಿಕ್ಕಮ್ಮ ಅಜ್ಜಿಯನ್ನು ಕೂಗಿದ್ದಳಂತೆ. ಅವತ್ತಿನಿಂದ ಆ ಹೆಸರೇ ನಿಂತಿತು.

ಚಿಕ್ಕಮ್ಮನಿಗೂ ಅವಳಿಗೂ ಒಂದೇ ಕೋಣೆ, ಒಂದೇ ಮಂಚ. ಚಿಕ್ಕಮ್ಮನ ಕಾಲು ಬೇಸಿಗೆಯಲ್ಲೂ ತಣ್ಣಗೆ. "ಐಸ್ ಬಂತು, ಐಸ್ ಬಂತು!" ಎನ್ನುತ್ತ ಪಾದಗಳನ್ನು ತಂದು ಉಂಡೆಯ ಮೀನಖಂಡಕ್ಕೆ ಒತ್ತುತ್ತಿದ್ದಳು. ಉಂಡೆ ಮನೆ ಹಾರಿಹೋಗುವ ಹಾಗೆ ಕಿರುಚುತ್ತಿದ್ದಳು. ಆದರೆ ಒಂದು ದಿನವೂ ಕಾಲು ಎಳೆದುಕೊಂಡವಳಲ್ಲ. "ನೀನು ನನ್ನ ಹೀಟರ್ ಕಣೇ," ಎನ್ನುತ್ತಿದ್ದಳು ಚಿಕ್ಕಮ್ಮ.

ಆಮೇಲೆ ಚಿಕ್ಕಮ್ಮನಿಗೆ ದೂರದ ಚಳಿಯ ಊರಿನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಪ್ರಾಣಿಗಳಿಗೆ ಚಳಿ ಹೇಗೆ ಗೊತ್ತಾಗುತ್ತದೆ, ಕೆಲವು ಪ್ರಾಣಿಗಳು ಅಷ್ಟೊಂದು ಚಳಿ ಹೇಗೆ ತಡೆಯುತ್ತವೆ ಎಂದು ಕಂಡುಹಿಡಿಯುವ ಕೆಲಸ.

ಹೊರಡುವ ಮೊದಲು ಅವಳು ಉಂಡೆಯ ಬಾಯಿಗೆ ಒಂದು ಪೆಪ್ಪರಮೆಂಟು ಹಾಕಿ, "ಈಗ ನೀರು ಕುಡಿ," ಎಂದಿದ್ದಳು.

"ಅಯ್ಯಪ್ಪಾ! ಐಸ್ ನೀರು!"

"ಅಲ್ಲ, ಕೊಡದಲ್ಲಿರೋ ಮಾಮೂಲಿ ನೀರೇ. ನಮ್ಮ ನರಗಳ ತುದೀಲಿ ಪುಟ್ಟ ಪುಟ್ಟ ಬಾಗಿಲುಗಳಿವೆ. ಕಣ್ಣಿಗೆ ಕಾಣೋದಿಲ್ಲ, ಅಷ್ಟು ಚಿಕ್ಕವು. ಚಳಿ ತಾಗಿದ್ರೆ ಒಂದು ಬಾಗಿಲು ತೆರೆಯತ್ತೆ. 'ಚಳಿ ಚಳಿ' ಅಂತ ಮಿದುಳಿಗೆ ಸುದ್ದಿ ಹೋಗತ್ತೆ. ಪೆಪ್ಪರಮೆಂಟಿಗೂ ಅದೇ ಬಾಗಿಲು ತೆರೆಯೋಕೆ ಬರತ್ತೆ. ಕಳ್ಳ ಅದು!"

"ಮೆಣಸಿನಕಾಯಿ?"

"ಅದು ಪಕ್ಕದ ಬಾಗಿಲಿನ ಕಳ್ಳ. ಬಿಸಿಯ ಬಾಗಿಲು. ಅದಕ್ಕೇ ಖಾರ ತಿಂದ್ರೆ ಬಾಯಿ ಸುಟ್ಟ ಹಾಗೆ ಅನ್ಸತ್ತೆ."

"ಬಾಗಿಲು ಯಾತರದ್ದು? ಮರದ್ದಾ?"

"ಪ್ರೋಟೀನಿಂದು. ಸಾವಿರಕ್ಕೂ ಹೆಚ್ಚು ಮಣಿ ಪೋಣಿಸಿದ ಸರವನ್ನ ಮಡಿಸಿ ಮಡಿಸಿ ಬಾಗಿಲು ಮಾಡಿದ ಹಾಗೆ. ಚಳಿಗಾಲ ಪೂರ್ತಿ ಮಲಗೋ ಅಳಿಲುಗಳಿವೆಯಲ್ಲ, ಅವುಗಳ ಸರದಲ್ಲಿ ಕೆಲವೇ ಕೆಲವು ಮಣಿ ಬೇರೆ. ಅಷ್ಟಕ್ಕೇ ಬಾಗಿಲು ಬಿಗಿ. ಚಳಿ ಎಷ್ಟು ತಳ್ಳಿದ್ರೂ ಸುಲಭಕ್ಕೆ ತೆರೆಯಲ್ಲ."

"ನಾಲ್ಕು ಮಣಿಗೇ ಅಷ್ಟೊಂದಾ?"

"ಯಾಕಾಗಬಾರ್ದು?" ಎಂದಿದ್ದಳು ಅಲ್ಲೇ ಹೆಣೆಯುತ್ತ ಕುಳಿತಿದ್ದ ಅಜ್ಜಿ. "ನಾನು ನಾಲ್ಕು ಕುಣಿಕೆ ಬದಲಾಯಿಸಿದ್ರೆ ಟೋಪಿ ಆಗಬೇಕಾದ್ದು ಚೀಲ ಆಗತ್ತೆ."

ಹೋಗುವಾಗ ಚಿಕ್ಕಮ್ಮ ವಿಳಾಸ ಬರೆದು, ಸ್ಟಾಂಪು ಹಚ್ಚಿದ ಒಂದು ಕವರನ್ನು ಉಂಡೆಯ ಕೈಗಿಟ್ಟಳು. "ಫೋನಲ್ಲಿ ನಿಮ್ಮಮ್ಮನೇ ಎಲ್ಲಾ ಮಾತು ಮುಗಿಸಿಬಿಡ್ತಾಳೆ. ನಿನ್ನ ಮಾತು ಕಾಗದದಲ್ಲಿ ಬರಲಿ."

ಮೊದಲು ಬಂದದ್ದು ಚಿಕ್ಕಮ್ಮನ ಕಾಗದವೇ. ಉಂಡೆ ಅದನ್ನು ಕುಣಿದಾಡಿಕೊಂಡು ಒಡೆದಳು. ಅದರಲ್ಲಿ ಹೀಗಿತ್ತು:

"ಇಲ್ಲಿಯ ಅಳಿಲುಗಳು ಮರ ಹತ್ತುವುದಿಲ್ಲ, ನೆಲದಲ್ಲಿ ಬಿಲ ತೋಡುತ್ತವೆ. ಅದರಲ್ಲಿ ಒಂದು ಥೇಟ್ ನಿನ್ನ ಹಾಗೆಯೇ ಸುರುಳಿ ಸುತ್ತಿಕೊಂಡು ಮಲಗುತ್ತದೆ. ಅದಕ್ಕೆ ಉಂಡೆ ಅಂತಲೇ ಹೆಸರಿಟ್ಟಿದ್ದೇನೆ. ಖುಷಿ ಆಯಿತಾ?"

ಖುಷಿ ಆಗಲಿಲ್ಲ. ಉಂಡೆ ಕಾಗದವನ್ನು ಮಡಿಸಿ ಕವರಿನೊಳಗೆ ವಾಪಸ್ ತುರುಕಿದಳು.

ಅಮ್ಮನ ಫೋನಿಗೆ ಫೋಟೋ ಬೇರೆ ಬಂತು. ಚಿಕ್ಕಮ್ಮನ ಬೊಗಸೆಯಲ್ಲಿ ಕಂದುಬಣ್ಣದ ಗುಂಡು ಅಳಿಲು. ಬಾಲವನ್ನೇ ಹೊದ್ದು ಮಲಗಿದೆ. "ಅಯ್ಯೋ ಮುದ್ದೇ!" ಎಂದಳು ಅಮ್ಮ. ಅಪ್ಪನೂ ಬಗ್ಗಿ ನೋಡಿದ. ಕಣ್ಣು ಸರಿಯಾಗಿ ಕಾಣದ ಅಜ್ಜಿ ಕೂಡ ಫೋನನ್ನು ಮೂಗಿನ ಹತ್ತಿರ ಹಿಡಿದು ಮುದ್ದಿನಿಂದ ಲೊಚಗುಟ್ಟಿದಳು. ಈ ಮನೆಯಲ್ಲಿ ಉಂಡೆ ಎಂಬುವಳು ಒಬ್ಬಳೇ ಇದ್ದಾಗ ಯಾರೂ ಹೀಗೆ ಲೊಚಗುಟ್ಟಿರಲಿಲ್ಲ.

ಅವಳು "ಪ್ರೀತಿಯ ಚಿಕ್ಕಮ್ಮಾ" ಎಂದು ಬರೆದಿದ್ದ ಹಾಳೆ ಅಲ್ಲಿಗೇ ನಿಂತಿತು. ಸ್ಟಾಂಪು ಹಚ್ಚಿದ ಕವರು ಅಟ್ಲಾಸಿನೊಳಗೆ ಪುಟದ ಗುರುತಾಯಿತು. ಚಿಕ್ಕಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ ಉಂಡೆ, "ಓದೋದಿದೆ ಅಂತ ಹೇಳು," ಎಂದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು.

ಶಾಲೆಯಲ್ಲಿ ವಿಷಯ ಗೊತ್ತಾಗುತ್ತಿರಲಿಲ್ಲ, ಪಕ್ಕದಲ್ಲಿ ಕೂರುವ ಗೆಳತಿ ರೇಡಿಯೋ ಇಲ್ಲದಿದ್ದರೆ. ಬೆಳಗ್ಗೆ ಬಾಯಿ ತೆರೆದರೆ ಸಂಜೆಯ ಬೆಲ್ಲಿನವರೆಗೆ ಮುಚ್ಚುವುದಿಲ್ಲವಾದ್ದರಿಂದ ಅವಳಿಗೆ ಆ ಹೆಸರು. ಒಮ್ಮೆ ಮನೆಗೆ ಬಂದವಳು ಫೋಟೋ ನೋಡಿಬಿಟ್ಟಳು. ಮರುದಿನ ಪ್ರಸಾರವಾಯಿತು.

"ಅಳಿಲಿನ ಹೆಸರೂ ಉಂಡೇನೇ ಅಂತೆ ಕಣ್ರೋ!"

"ಆ ಉಂಡೆ ಚಳಿಗಾಲ ಪೂರ್ತಿ ಊಟಾನೇ ಮಾಡಲ್ವಂತೆ. ಈ ಉಂಡೆ ಎರಡನೇ ಪಿರಿಯಡ್ಡಿಗೇ ಟಿಫಿನ್ ಬಾಕ್ಸ್ ಖಾಲಿ!"

"ಅದು ಫ್ರಿಜ್ಜಿನಷ್ಟು ತಣ್ಣಗಿದ್ರೂ ಆರಾಮಾಗಿ ಇರತ್ತಂತೆ. ಇವಳು ಫ್ಯಾನ್ ಹಾಕಿದ್ರೆ ಸ್ವೆಟರ್ ಹಾಕ್ಕೋತಾಳೆ."

"ನಾನೂ ಇರ್ತೀನಿ! ಫ್ರಿಜ್ಜಿಗಿಂತ ದೊಡ್ಡ ಜಾಗದಲ್ಲಿ ಇದ್ದು ತೋರಿಸ್ತೀನಿ!" ಎಂದು ಉಂಡೆ ಡೆಸ್ಕು ಗುದ್ದಿದಳು.

"ಎಲ್ಲಿ?" ಎಂದಳು ರೇಡಿಯೋ.

"ನಮ್ಮಪ್ಪನ ಕೋಲ್ಡ್ ಸ್ಟೋರೇಜಲ್ಲಿ."

ಹೇಳಿದ ಮೇಲೆ ಅವಳಿಗೇ ಅದು ಒಳ್ಳೆಯ ಉಪಾಯ ಅನ್ನಿಸಿತು. ಚಳಿಯಲ್ಲಿ ನಿಂತ ಫೋಟೋ ತೆಗೆಸಿಕೊಂಡು ಚಿಕ್ಕಮ್ಮನಿಗೆ ಕಳಿಸಬೇಕು. ಸ್ವೆಟರಿಲ್ಲದೆ, ನಗುತ್ತ ನಿಂತ ಫೋಟೋ. ಆಗ ಚಿಕ್ಕಮ್ಮನಿಗೆ ಗೊತ್ತಾಗುತ್ತದೆ, ಉಂಡೆ ಅಂದರೆ ಯಾರು ಅಂತ. ಅಳಿಲಿಗೆ ಬೇರೆ ಹೆಸರು ಇಡುತ್ತಾಳೆ. ಚಿಂಟು, ಬಂಟು, ಏನಾದರೂ ಇಟ್ಟುಕೊಳ್ಳಲಿ.

ಆದರೆ ಚಳಿ ತಡೆಯುವುದು ಹೇಗೆ? ಉಂಡೆ ಅದಕ್ಕೂ ಲೆಕ್ಕ ಹಾಕಿದಳು. ಅಜ್ಜಿಯ ತಲೆನೋವಿನ ಬಾಮಿಗೆ ಪೆಪ್ಪರಮೆಂಟಿನದೇ ವಾಸನೆ, ಹಚ್ಚಿದರೆ ಅದೇ ತಂಪು. ಅದನ್ನು ಮೈಗೆ ಬಳಿದುಕೊಂಡರೆ ಬಾಗಿಲುಗಳೆಲ್ಲ ಮೊದಲೇ ತೆರೆದುಬಿಡುತ್ತವೆ. ಆಮೇಲೆ ಚಳಿ ಬಂದು ತೆರೆಯಲು ಬಾಗಿಲೇ ಉಳಿದಿರುವುದಿಲ್ಲ! ಇಷ್ಟು ಸುಲಭದ ವಿಷಯ ಚಿಕ್ಕಮ್ಮನ ಲ್ಯಾಬಿನವರಿಗೆ ಹೊಳೆದಿಲ್ಲವಲ್ಲ ಎಂದು ಅವಳಿಗೆ ನಗು ಬಂತು.

ರಜೆಯ ದಿನ ಅಪ್ಪನಿಗೆ ಊಟದ ಡಬ್ಬಿ ಕೊಡುವ ನೆಪ ಸಿಕ್ಕಿತು.

ಅಪ್ಪ ಕೋಲ್ಡ್ ಸ್ಟೋರೇಜಿನಲ್ಲಿ ಆಪರೇಟರ್. ದೊಡ್ಡ ಶೆಡ್ಡು, ಒಳಗೆ ಸದಾ ಗುಂಯ್‌ಗುಡುವ ಯಂತ್ರಗಳು, ಗೋಡೆಯಷ್ಟು ದಪ್ಪ ಬಾಗಿಲಿನ ಕೋಣೆಗಳು. ಒಂದರಲ್ಲಿ ಆಲೂಗಡ್ಡೆ, ಇನ್ನೊಂದರಲ್ಲಿ ಸೇಬು. ಬಾಗಿಲ ಹಿಂದೆ ದಪ್ಪ ಪ್ಲಾಸ್ಟಿಕ್ಕಿನ ಪಟ್ಟಿಗಳು ಪರದೆಯ ಹಾಗೆ ಇಳಿಬಿದ್ದಿರುತ್ತವೆ. ಒಳಗಿನ ಗೋಡೆಯಲ್ಲಿ ಕೆಂಪು ಗುಂಡಿಯೊಂದು ಹೊಳೆಯುತ್ತದೆ, ಯಾರಾದರೂ ಒಳಗೇ ಸಿಕ್ಕಿಕೊಂಡರೆ ಒತ್ತಲು.

"ಸೇಬಿನ ರೂಮಿಗೆ ನಾನೂ ಬರ್ತೀನಪ್ಪಾ. ಪ್ಲೀಸ್."

"ಅಲ್ಲೇನಿದೆ ನೋಡೋಕೆ? ಬಾ, ಆದ್ರೆ ಈ ಜಾಕೆಟ್ ಹಾಕ್ಕೋ. ನನ್ನ ಕಣ್ಣೆದುರಿಗೇ ಇರಬೇಕು." ಅಪ್ಪ ತನ್ನ ಹಳೆಯ ಜಾಕೆಟ್ಟನ್ನು ಅವಳ ಮೇಲೆ ಹೇರಿದ. ಅದು ಪಾದದವರೆಗೂ ಬಂತು. ಅಪ್ಪ ಮೂಗು ಅರಳಿಸಿದ. "ಏನಿದು? ಯಾವುದೋ ಅಜ್ಜಿ ಬಂದ ಹಾಗಿದೆ."

ಉಂಡೆ ಜಾಕೆಟ್ಟಿನ ಕಾಲರನ್ನು ಮೇಲೆಳೆದುಕೊಂಡಳು. ಅಂಗೈ, ಕತ್ತು, ಕಿವಿ, ಕೆನ್ನೆ, ಎಲ್ಲಾ ಕಡೆ ಬಾಮ್ ಬಳಿದುಕೊಂಡಿದ್ದಳು. ತೋಳಿಗೆ ಬಳಿಯುವಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತು.

ಒಳಗೆ ಸೇಬಿನ ಕ್ರೇಟುಗಳು ಸೂರು ಮುಟ್ಟುವ ಹಾಗೆ ನಿಂತಿದ್ದವು. ಬಾಯಿಂದ ಬಿಟ್ಟ ಉಸಿರು ಹೊಗೆಯಾಯಿತು. ಅಪ್ಪ ಟಾರ್ಚು ಹಿಡಿದು, ಸಾಲು ಸಾಲಾಗಿ ಕ್ರೇಟಿನೊಳಗೆ ಕೈ ಹಾಕಿ ಕೊಳೆತ ಹಣ್ಣು ಹುಡುಕತೊಡಗಿದ. ಅವನು ಆಚೆ ತಿರುಗಿದ ಕೂಡಲೇ ಉಂಡೆ ಜಾಕೆಟ್ಟು ಕಳಚಿ ಕ್ರೇಟಿನ ಮೇಲಿಟ್ಟಳು.

ಅಪ್ಪ ಈ ಸಾಲು ಮುಗಿಸುವವರೆಗೆ ನಿಲ್ಲಬೇಕು. ಆಮೇಲೆ ಫೋಟೋ. ಅಷ್ಟೇ.

ಮೊದಲ ಉಸಿರು ಸರಿಯಾಗಿತ್ತು. ಆಮೇಲೆ ಕಿವಿಗೆ ಯಾರೋ ಸೂಜಿ ಚುಚ್ಚಿದರು. ಆಮೇಲೆ ಕತ್ತಿಗೆ. ಅಂಗೈಯಲ್ಲಿ ಐಸಿನ ಗಡ್ಡೆ ಹಿಡಿದಂತಾಗಿ, ಅವಳು ಕೈ ಕೊಡವಿದಳು. ಐಸು ಎಲ್ಲಿತ್ತು, ಬೀಳಲು? ಕೆನ್ನೆ ಉರಿಯಿತೋ ಹೆಪ್ಪುಗಟ್ಟಿತೋ ತಿಳಿಯಲಿಲ್ಲ. ಹಲ್ಲುಗಳು ಟಕಟಕ ಹೊಡೆದುಕೊಂಡವು. ಆ ಅಳಿಲು ಬಾಲ ಹೊದ್ದು ಮಲಗಿದ್ದು ನೆನಪಾಗಿ ಹಲ್ಲು ಕಚ್ಚಿ ಹಿಡಿದಳು. ಹಿಡಿದರೂ ಟಕಟಕ ನಿಲ್ಲಲಿಲ್ಲ.

"ಅಪ್ಪಾ!"

ಅಪ್ಪ ಓಡಿಬಂದ. ಜಾಕೆಟ್ಟು, ಉಂಡೆ, ಎರಡನ್ನೂ ಒಟ್ಟಿಗೆ ಬಾಚಿಕೊಂಡು ಪ್ಲಾಸ್ಟಿಕ್ ಪರದೆಯನ್ನು ಭುಜದಲ್ಲೇ ತಳ್ಳಿ ಹೊರಗೆ ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

"ಜಾಕೆಟ್ ಯಾಕೆ ಬಿಚ್ಚಿದೆ? ಬುದ್ಧಿ ಇದೆಯಾ ನಿನಗೆ?"

"ಆ ಅಳಿಲಿಗೆ ಮಾತ್ರ ಆಗತ್ತೆ, ನನಗ್ಯಾಕೆ ಆಗಲ್ಲ?" ಎಂದು ಉಂಡೆ ಜೋರಾಗಿ ಅತ್ತಳು. ಅಳುತ್ತಲೇ ಹೆಸರಿನ ವಿಷಯ, ಫೋಟೋ ವಿಷಯ, ಬಾಮಿನ ವಿಷಯ, ಎಲ್ಲವೂ ಹೊರಗೆ ಬಂತು.

ಅಪ್ಪ ಅವಳನ್ನು ತನ್ನ ಪುಟ್ಟ ರೂಮಿನಲ್ಲಿ ಹೀಟರಿನ ಮುಂದೆ ಕೂರಿಸಿದ. ಒದ್ದೆ ಬಟ್ಟೆಯಿಂದ ಕತ್ತು, ಕಿವಿ, ಕೆನ್ನೆ ಒರೆಸಿದ. ಫ್ಲಾಸ್ಕಿನಿಂದ ಬಿಸಿ ಹಾಲು ಬಗ್ಗಿಸಿ ಕೊಟ್ಟ. ಆಮೇಲೆ ತಲೆ ತುರಿಸಿಕೊಂಡ.

"ಹೊಟ್ಟೇಲಿ ಇಷ್ಟು ಕಿಚ್ಚು ಇಟ್ಕೊಂಡೂ ನಿನಗೆ ಚಳಿಯಾಯ್ತಲ್ಲ ಮಾರಾಯ್ತಿ!"

ಉಂಡೆಗೆ ನಗು ಬರಬಾರದೆಂದರೂ ಬಂತು. ಮೂಗಿನಿಂದ ಹಾಲು ಬಂತು.

"ಬಾಮ್ ಹಚ್ಚಿದ ಕಡೆಯೆಲ್ಲಾ ಜಾಸ್ತಿ ಚುಚ್ತು ಅಪ್ಪಾ," ಎಂದಳು ಮೂಗು ಒರೆಸಿಕೊಂಡು. "ತೋಳಿಗೆ ಹಚ್ಚಿರಲಿಲ್ಲ. ಅಲ್ಲಿ ಅಷ್ಟೊಂದು ಚುಚ್ಚಲೇ ಇಲ್ಲ. ಯಾಕೆ?"

"ನನ್ನ ಕೇಳಿದ್ರೆ? ನಿನ್ನ ಚಿಕ್ಕಮ್ಮನ ಬಾಗಿಲಿನ ವಿಷಯ ನನಗೇನು ಗೊತ್ತು? ನನಗೆ ಗೊತ್ತಿರೋದು ಈ ಬಾಗಿಲು ಒಂದೇ." ಅವನು ಸೇಬಿನ ರೂಮಿನ ಕಡೆ ಕೈ ತೋರಿಸಿದ. ಆತುರದಲ್ಲಿ ಅದನ್ನು ಸರಿಯಾಗಿ ಮುಚ್ಚಿರಲಿಲ್ಲ. ಸ್ವಲ್ಪವೇ ಸಂದು ಬಿಟ್ಟಿತ್ತು. "ಅಯ್ಯೋ, ನೋಡು!" ಎಂದು ಅಪ್ಪ ಎದ್ದ. ಅಷ್ಟು ದೊಡ್ಡ ಬಾಗಿಲು, ಬಿಗಿಯಾಗಿ ಮುಚ್ಚಿದ್ದರೆ ಮೈಯಭಾರವನ್ನೆಲ್ಲ ಹಾಕಿ ಎಳೆಯಬೇಕಾದ ಬಾಗಿಲು, ಅವನ ಬೆರಳು ತಾಗಿದಷ್ಟಕ್ಕೇ ಅಲುಗಾಡಿತು. ಅಪ್ಪ ಧಡ್ಡನೆ ಒತ್ತಿ ಮುಚ್ಚಿದ.

ಉಂಡೆ ಹಾಲಿನ ಲೋಟ ಹಿಡಿದುಕೊಂಡು ನೋಡುತ್ತಲೇ ಇದ್ದಳು.

"ಸಂದು ಬಿಟ್ಟಿದ್ರೆ ತಳ್ಳೋದು ಸುಲಭ," ಎಂದಳು ಮೆಲ್ಲಗೆ. "ಬಾಮ್ ಸಂದು ಮಾಡ್ತು. ಚಳಿ ಬಂದು ಪೂರ್ತಿ ತಳ್ತು. ನಾನು ಉಲ್ಟಾ ಲೆಕ್ಕ ಹಾಕಿದ್ದೆ."

"ಸರಿ, ವಿಜ್ಞಾನಿ. ಆ ಅಳಿಲು ಬಾಮ್ ಹಚ್ಚಿಕೊಂಡಿರಲಿಲ್ಲ ತಾನೇ?"

"ಅದಕ್ಕೆ ಮಣಿಗಳೇ ಬೇರೆ."

ಅಪ್ಪ ಜೇಬಿನಿಂದ ಒಂದು ಸೇಬು ತೆಗೆದು ಅವಳ ಬೊಗಸೆಯಲ್ಲಿಟ್ಟ. ಒಂದು ಕಡೆ ಪೆಟ್ಟಾಗಿದ್ದರಿಂದ ಬೇರೆ ತೆಗೆದಿಟ್ಟ ಹಣ್ಣು. ಬೊಗಸೆ ತುಂಬುವ, ಗುಂಡನೆಯ, ಕೊರೆಯುವ ಹಣ್ಣು. ಹೀಟರಿನಲ್ಲಿ ಕಾಯಿಸಿದ ಉಂಡೆಯ ಕೈ ಮತ್ತೆ ತಣ್ಣಗಾಯಿತು. ಸೇಬಿಗೆ ಏನೂ ಅನ್ನಿಸಿದ ಹಾಗಿರಲಿಲ್ಲ.

ಹೀಗೆಯೇ ಬೊಗಸೆಯಲ್ಲಿ ಗುಂಡಗೆ ಇದ್ದದ್ದನ್ನು ಅವಳು ಎಲ್ಲೋ ನೋಡಿದ್ದಳು.

"ಅಪ್ಪಾ, ಆ ಫೋಟೋ ತೋರ್ಸು."

ಅಪ್ಪ ಫೋನು ಕೊಟ್ಟ. ಇಷ್ಟು ದಿನ ಉಂಡೆ ಆ ಫೋಟೋದಲ್ಲಿ ಅಳಿಲನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಈಗ ಬೆರಳಿನಿಂದ ದೊಡ್ಡದು ಮಾಡಿದಳು. ಅಳಿಲನ್ನು ಹಿಡಿದ ಕೈಗಳಿಗೆ ದಪ್ಪ ಗ್ಲೌಸ್ ಇದ್ದವು. ಮೇಲಕ್ಕೆ ಸರಿಸಿದಳು. ಒಂದರ ಮೇಲೊಂದು ಸ್ವೆಟರು. ಇನ್ನೂ ಮೇಲೆ, ಕಿವಿ ಮುಚ್ಚುವ ಟೋಪಿ. ಟೋಪಿಯ ಕೆಳಗೆ ಚಿಕ್ಕಮ್ಮನ ಮುಖ. ಮೂಗು ಕೆಂಪಗಾಗಿತ್ತು. ಅವಳು ನಗುತ್ತಿದ್ದಳು, ಆದರೆ ತುಟಿ ಒಡೆದಿತ್ತು.

"ಅದು ಬೆಚ್ಚಗೆ ಇರಲ್ಲ ಅಲ್ವಾ ಅಪ್ಪಾ? ಈ ಸೇಬಿನ ಹಾಗೇ ಇರತ್ತೆ ಅಲ್ವಾ?"

"ಮಲಗಿದಾಗ ಹಾಗೇ ಅಂತೆ. ಯಾಕೆ?"

ಉಂಡೆ ಫೋಟೋವನ್ನು ಕೆಳತುದಿಯವರೆಗೆ ಸರಿಸಿದಳು. ಚಿಕ್ಕಮ್ಮನ ಪಾದಗಳು ಫೋಟೋದಲ್ಲಿ ಇರಲಿಲ್ಲ. ಇದ್ದರೂ ನೋಡಬೇಕಾಗಿರಲಿಲ್ಲ. ಅವು ಎಷ್ಟು ತಣ್ಣಗಿರುತ್ತವೆ ಎಂದು ಅವಳ ಮೀನಖಂಡಕ್ಕೆ ಗೊತ್ತಿತ್ತು.

ಮನೆಗೆ ಬಂದಾಗ ಅಜ್ಜಿ ಎರಡನೆಯ ಕಾಲುಚೀಲದ ಹಿಮ್ಮಡಿ ತಿರುಗಿಸುತ್ತಿದ್ದಳು. ಪಕ್ಕದಲ್ಲಿ ಇನ್ನೊಂದು ಲಡಿ ಬಿದ್ದಿತ್ತು. ಉಂಡೆ ಯಾರೂ ಕರೆಯದೆ ಎದುರಿಗೆ ಕುಳಿತು, ಲಡಿಯನ್ನು ಕೈಗೆ ಹಾಕಿಕೊಂಡು, ಎರಡೂ ಕೈ ಎತ್ತಿ ಹಿಡಿದಳು.

ಅಜ್ಜಿ ಕನ್ನಡಕದ ಮೇಲಿನಿಂದ ನೋಡಿದಳು. "ಏನಾದ್ರೂ ಹೇಳಬೇಕಾ?"

"ನಿನ್ನ ಬಾಮ್ ಖಾಲಿ ಮಾಡಿದ್ದು ನಾನೇ."

"ಅದನ್ನ ನಿನ್ನ ಕಿವಿನೇ ಹೇಳ್ತಿದೆ. ಬಾಗಿಲಿಂದ ಒಳಗೆ ಬರೋಕೆ ಮುಂಚೆನೇ ವಾಸನೆ ಬಂತು." ಅಜ್ಜಿ ನೂಲಿನ ತುದಿ ಹುಡುಕಿ ಎಳೆದಳು. "ಕೈ ಇಳಿಸಬೇಡ."

ಲಡಿ ಮುಗಿದ ಮೇಲೆ ಉಂಡೆ ಅಟ್ಲಾಸು ತೆಗೆದಳು. ಕವರಿನ ಒಂದು ಮೂಲೆ ಮಡಚಿಹೋಗಿತ್ತು. ಸ್ಟಾಂಪು ಗಟ್ಟಿಯಾಗಿಯೇ ಇತ್ತು. "ಪ್ರೀತಿಯ ಚಿಕ್ಕಮ್ಮಾ" ಎಂದು ಬರೆದಿದ್ದ ಹಾಳೆಯೂ ಅಲ್ಲೇ ಇತ್ತು. ಅದರ ಕೆಳಗೇ ಬರೆದಳು:

"ಇಷ್ಟು ದಿನ ನಾನು ಓದುತ್ತಿರಲಿಲ್ಲ. ಸುಳ್ಳು ಹೇಳಿಸಿದೆ. ನನ್ನ ಹೆಸರನ್ನು ಅಳಿಲಿಗೆ ಕೊಟ್ಟೆ ಅಂತ ಕೋಪ ಬಂದಿತ್ತು. ಈಗಲೂ ಸ್ವಲ್ಪ ಇದೆ.

ಪೆಪ್ಪರಮೆಂಟು ಬಾಗಿಲನ್ನು ಪೂರ್ತಿ ತೆರೆಯುವುದು ಮಾತ್ರ ಅಲ್ಲ, ಸಂದು ಕೂಡ ಮಾಡುತ್ತದೆ, ಆಮೇಲೆ ಚಳಿಗೆ ತಳ್ಳುವುದು ಸುಲಭ ಆಗುತ್ತದೆ. ನಾನೇ ಪ್ರಯೋಗ ಮಾಡಿದೆ. ನಿನ್ನ ಲ್ಯಾಬಿನವರಿಗೆ ಗೊತ್ತಾ? ಗೊತ್ತಿಲ್ಲದಿದ್ದರೆ ನನ್ನ ಹೆಸರು ಹೇಳು.

ಅಜ್ಜಿ ಕಾಲುಚೀಲ ಹೆಣೆಯುತ್ತಿದ್ದಾಳೆ, ಬೇರೆ ಪಾರ್ಸಲಿನಲ್ಲಿ ಬರುತ್ತದೆ. ನೂಲು ಹಿಡಿದದ್ದು ನಾನು. ಎರಡು ಸಲ.

ಆ ಉಂಡೆಗೆ ನಿನ್ನ ಕಾಲು ತಾಗಿಸಬೇಡ. ಅದಕ್ಕೆ ಗೊತ್ತಾಗುವುದಿಲ್ಲ. ರಜೆಯಲ್ಲಿ ಬಾ.

ಇಂತಿ ಮೊದಲನೇ ಉಂಡೆ."

ಓದಿ ನೋಡಿದಳು. "ಈಗಲೂ ಸ್ವಲ್ಪ ಇದೆ" ಎಂಬುದನ್ನು ಹೊಡೆದುಹಾಕೋಣ ಎಂದುಕೊಂಡು ಪೆನ್ನು ಎತ್ತಿದಳು. ಹೊಡೆದುಹಾಕಲಿಲ್ಲ. ಇತ್ತಲ್ಲ, ನಿಜವಾಗಿಯೂ.

ಮರುದಿನ ಶಾಲೆಗೆ ಹೋಗುವಾಗ ಬೆಳಗಿನ ಮಂಜು ಇನ್ನೂ ಬೀದಿ ಬಿಟ್ಟಿರಲಿಲ್ಲ. ಮೂಲೆಯ ಅಂಚೆ ಡಬ್ಬಿಯ ಹತ್ತಿರ ರೇಡಿಯೋ ಕಾದು ನಿಂತಿದ್ದಳು.

"ಕೋಲ್ಡ್ ಸ್ಟೋರೇಜಿಗೆ ಹೋದ್ಯಾ? ಎಷ್ಟು ಹೊತ್ತು ಇದ್ದೆ? ಫೋಟೋ ಎಲ್ಲಿ? ಸೋತ್ಯಾ?"

"ಹೂಂ, ಸೋತೆ," ಎಂದಳು ಉಂಡೆ.

ಸಂಜೆಯ ಬೆಲ್ಲಿಗೆ ಮುಂಚೆಯೇ ರೇಡಿಯೋದ ಬಾಯಿ ಮುಚ್ಚಿತು.

ಉಂಡೆ ಬ್ಯಾಗಿನಿಂದ ಕವರು ತೆಗೆದು, ಮಡಚಿದ ಮೂಲೆಯನ್ನು ಹೆಬ್ಬೆರಳಿನಿಂದ ನೀವಿ ನೇರ ಮಾಡಿ, ಡಬ್ಬಿಯ ಬಾಯಿಗೆ ತೂರಿಸಿ ಬಿಟ್ಟಳು. ಅದು ಒಳಗೆ ಹೋಗಿ ಟಪ್ಪೆಂದು ಬಿತ್ತು.

ಕಬ್ಬಿಣದ ಡಬ್ಬಿ ರಾತ್ರಿಯ ಇಬ್ಬನಿಗೆ ಕೊರೆಯುತ್ತಿತ್ತು. ಉಂಡೆ ಅದರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೆಯೇ ನಿಂತಳು. ಚಳಿ ಅವಳಿಗೆ ಚೆನ್ನಾಗಿಯೇ ಗೊತ್ತಾಯಿತು.